ಕಬ್ಬಿಣವೋ, ಮ್ಯಾಂಗನೀಸೋ, ಅಲ್ಯುಮಿನಾವೋ? ವಿಷಲೋಹ ಹಿಡಿಯುವ ತೆಳು ಲೇಪಗಳನ್ನು ಆರಿಸುವ ಬಗೆ

ನದಿ ದಂಡೆಯ ಮರಳನ್ನು ಒಂದು ಹಿಡಿ ತೆಗೆದುಕೊಂಡು ಬಿಸಿಲಿನಲ್ಲಿ ನೋಡಿ. ಕೆಲವು ಕಾಳು ಗಾಜಿನ ಚೂರಿನಂತೆ ಹೊಳೆಯುತ್ತವೆ. ಕೆಲವು ಹಳದಿ, ಕೆಲವು ಕೆಂಪು, ಅಲ್ಲೊಂದು ಇಲ್ಲೊಂದು ಕಪ್ಪು. ಒಳಗೆ ಬಹುತೇಕ ಎಲ್ಲವೂ ಬೆಣಚುಕಲ್ಲೇ. ಬಣ್ಣ ಬಂದಿರುವುದು ಕಾಳಿನ ಮೈಗೆ ಅಂಟಿದ ತೆಳು ಲೇಪದಿಂದ. ಹಳದಿ, ಕೆಂಪು ಅಂದರೆ ಕಬ್ಬಿಣದ ತುಕ್ಕು. ಕಪ್ಪು ಅಂದರೆ ಹೆಚ್ಚಾಗಿ ಮ್ಯಾಂಗನೀಸ್.

ಈ ಲೇಪ ತಲೆಕೂದಲಿಗಿಂತ ಎಷ್ಟೋ ತೆಳು. ತೂಕ ಹಾಕಿದರೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮರಳಿನ ನಡುವೆ ಹರಿಯುವ ನೀರು ಕಾಣುವುದು ಒಳಗಿನ ಕಲ್ಲನ್ನಲ್ಲ, ಈ ಲೇಪವನ್ನು. 1968ರಲ್ಲಿ ಎವರೆಟ್ ಜೆನ್ನೆ ಎಂಬ ವಿಜ್ಞಾನಿ ಇದನ್ನು ಗಟ್ಟಿಯಾಗಿ ಹೇಳಿದರು. ಮಣ್ಣು ಮತ್ತು ನೀರಿನಲ್ಲಿ ಕೋಬಾಲ್ಟ್, ನಿಕಲ್, ತಾಮ್ರ, ಸತು ಎಷ್ಟು ಕರಗಿರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕಬ್ಬಿಣ ಮತ್ತು ಮ್ಯಾಂಗನೀಸಿನ ಈ ಪದರಗಳೇ ಎಂಬುದು ಅವರ ವಾದ. ಆಮೇಲೆ ಬಂದ ಕೆಲಸಗಳಲ್ಲಿ ಇದೇ ಮಾತು ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗೂ ನಿಂತಿತು. (ಆರ್ಸೆನಿಕ್ ಪೂರ್ತಿ ಲೋಹವಲ್ಲ. ಆದರೆ ಈ ವಿಷಯದಲ್ಲಿ ಅದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ.)

ನೀರಿನ ಫಿಲ್ಟರಿಗೆ, ಕಲುಷಿತ ಮಣ್ಣಿಗೆ ಅಥವಾ ಗಣಿ ನೀರಿಗೆ ಇಂಥ ಲೇಪದ ವಸ್ತು ಆರಿಸಬೇಕಾದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಒಂದು ಗ್ರಾಂ ಎಷ್ಟು ಹಿಡಿಯುತ್ತದೆ?" ಚೀಲದ ಮೇಲೂ ಅದನ್ನೇ ಅಚ್ಚು ಹಾಕಿರುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು, "ಯಾವಾಗ ಬಿಡುತ್ತದೆ?" ಲೇಪ ಲೋಹವನ್ನು ನಾಶ ಮಾಡುವುದಿಲ್ಲ, ಇಟ್ಟುಕೊಂಡಿರುತ್ತದೆ ಅಷ್ಟೇ. ಇಟ್ಟುಕೊಂಡದ್ದನ್ನು ಒಂದು ದಿನ ಒಟ್ಟಿಗೇ ಸುರಿದರೆ, ಲೇಪವೇ ಇಲ್ಲದಿದ್ದಾಗ ಬರುತ್ತಿದ್ದುದಕ್ಕಿಂತ ಜಾಸ್ತಿ ವಿಷ ನೀರಿಗೆ ಬರಬಹುದು. ಹಾಗಾಗಿ ಈ ಹೋಲಿಕೆಯನ್ನು ಬಿಡುವ ಕಡೆಯಿಂದಲೇ ನೋಡುತ್ತಾ ಬರೆದಿದ್ದೇನೆ.

ಹಿಡಿತ ಎಲ್ಲಿಂದ ಬರುತ್ತದೆ

ಖನಿಜದ ಮೈಮೇಲೆ ಆಮ್ಲಜನಕ ಮತ್ತು ಹೈಡ್ರೋಜನ್ ಜೋಡಿಗಳು ಸಾಲಾಗಿ ಕೂತಿರುತ್ತವೆ. ನೀರು ಹುಳಿಯಾದಷ್ಟೂ ಅವು ಹೈಡ್ರೋಜನ್ ಎಳೆದುಕೊಂಡು ಧನ ಚಾರ್ಜ್ ಪಡೆಯುತ್ತವೆ. ನೀರು ಕ್ಷಾರವಾದಷ್ಟೂ ಹೈಡ್ರೋಜನ್ ಬಿಟ್ಟು ಋಣ ಚಾರ್ಜ್ ಆಗುತ್ತವೆ. ಎರಡೂ ಸಮ ಆಗುವ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಒಂದೊಂದು ಖನಿಜಕ್ಕೆ ಒಂದೊಂದು. ಕಬ್ಬಿಣದ ತುಕ್ಕಿಗೆ ಅದು ಸುಮಾರು 8. ಅಲ್ಯುಮಿನಾಗೆ, ಅಂದರೆ ಅಲ್ಯುಮಿನಿಯಂ ಆಕ್ಸೈಡಿಗೆ, 8ರಿಂದ 9. ಬರ್ನೆಸೈಟ್ ಎಂಬ ಮ್ಯಾಂಗನೀಸ್ ಖನಿಜಕ್ಕೆ ಬರೀ 2ರಿಂದ 3.

ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದಂತೆ. ನಾವು ಕುಡಿಯುವಂಥ ನೀರಿನ ಪಿಎಚ್ 6.5ರಿಂದ 8.5ರ ನಡುವೆ ಇರುತ್ತದೆ ಅಲ್ವಾ? ಆ ನೀರಿನಲ್ಲಿ ಮ್ಯಾಂಗನೀಸ್ ಲೇಪ ಯಾವಾಗಲೂ ಋಣ. ಸೀಸ, ಕ್ಯಾಡ್ಮಿಯಂ, ನಿಕಲ್ ಮುಂತಾದ ಧನ ಅಯಾನುಗಳು (ಚಾರ್ಜ್ ಇರುವ ಕಣಗಳು) ಅದರತ್ತ ಓಡುತ್ತವೆ. ಕಬ್ಬಿಣ ಮತ್ತು ಅಲ್ಯುಮಿನಾ ಅಲ್ಲಿ ಹೆಚ್ಚಾಗಿ ಧನ. ಆರ್ಸೆನಿಕ್ ರೂಪಗಳಲ್ಲಿ ಒಂದಾದ ಆರ್ಸೆನೇಟ್‌ನಂಥ ಋಣ ಅಯಾನು ಅವುಗಳತ್ತ ಬರುತ್ತದೆ.

ಚಾರ್ಜ್ ಬರೀ ಮೊದಲ ಸೆಳೆತ. ಹತ್ತಿರ ಬಂದ ಮೇಲೆ ಲೋಹ ಲೇಪದ ಆಮ್ಲಜನಕದ ಜೊತೆ ನೇರ ಬಂಧ ಕಟ್ಟಿಕೊಳ್ಳುತ್ತದೆ. ಸೀಸವಂತೂ ಧನ ಚಾರ್ಜ್ ಇರುವ ತುಕ್ಕಿಗೂ ಬಂಧ ಕಟ್ಟಿಕೊಂಡು ಕೂರುತ್ತದೆ. ಇದಕ್ಕಿಂತ ಭದ್ರವಾದ ಇನ್ನೊಂದು ಬಗೆ ಇದೆ. ಲೇಪ ಬೆಳೆಯುತ್ತಿರುವಾಗಲೇ ಲೋಹ ಪದರದ ಒಳಗೆ ಹೂತುಹೋಗುವುದು. ಮೇಲೆ ಅಂಟಿದ್ದು ನೀರು ಬದಲಾದರೆ ಬಿಟ್ಟುಬಿಡಬಹುದು. ಒಳಗೆ ಹೂತದ್ದು ಹೊರಬರಬೇಕಾದರೆ ಲೇಪವೇ ಕರಗಬೇಕು.

ಬಿಡುವುದು ಯಾವಾಗ

ಒಂದು, ಪಿಎಚ್ ಬದಲಾದಾಗ. ಅಮೆರಿಕದ ಮೊಂಟಾನಾದ ಗಣಿ ಪ್ರದೇಶದ ತೊರೆಗಳಲ್ಲಿ ಇದನ್ನು ಒಂದೇ ದಿನದಲ್ಲಿ ನೋಡಬಹುದು. ಹಗಲು ಪಾಚಿ ಬಿಸಿಲು ಕುಡಿದು ನೀರಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ಪಿಎಚ್ ಏರುತ್ತದೆ. ರಾತ್ರಿ ಇಳಿಯುತ್ತದೆ. ಕರಗಿದ ಸತು ಮಧ್ಯಾಹ್ನ ಕಡಿಮೆಯಾಗಿ ಬೆಳಗಿನ ಜಾವಕ್ಕೆ ಹೆಚ್ಚುತ್ತದೆ. ಆರ್ಸೆನಿಕ್ ಇದರ ಉಲ್ಟಾ. ತೊರೆಯ ತಳದ ಕಲ್ಲುಗಳ ಲೇಪ ಹಗಲು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ, ರಾತ್ರಿ ಅದಲು ಬದಲು. ಬೆಳಿಗ್ಗೆ ಹತ್ತಕ್ಕೆ ಒಂದೇ ಸಲ ಮಾದರಿ ತೆಗೆದು ವರದಿ ಬರೆದವರಿಗೆ ಇದರ ಸುಳಿವೇ ಸಿಗುವುದಿಲ್ಲ.

ಎರಡು, ಪೈಪೋಟಿ ಬಂದಾಗ. ಫಾಸ್ಫೇಟ್ ಮತ್ತು ಆರ್ಸೆನೇಟ್ ಆಕಾರದಲ್ಲಿ ಅವಳಿಗಳಂತೆ. ನೀರಿಗೆ ಫಾಸ್ಫೇಟ್ ಬಂದರೆ ಆರ್ಸೆನೇಟ್ ಜಾಗ ಬಿಟ್ಟುಕೊಡಬೇಕಾಗುತ್ತದೆ. ಸಿಲಿಕೇಟ್ ನಿಧಾನವಾಗಿ ಇದೇ ಕೆಲಸ ಮಾಡುತ್ತದೆ. ಮೂರು, ಲೇಪಕ್ಕೆ ವಯಸ್ಸಾದಾಗ ಅಥವಾ ಅದು ಉದುರಿದಾಗ. ನಾಲ್ಕು, ಆಮ್ಲಜನಕ ಮುಗಿದಾಗ. ನಾನು ಕಂಡ ಕೆಟ್ಟ ಫಲಿತಾಂಶಗಳಲ್ಲಿ ಹೆಚ್ಚಿನವು ಈ ನಾಲ್ಕನೆಯದರಿಂದ ಬಂದವು.

ಕಬ್ಬಿಣದ ಲೇಪ

ಆರ್ಸೆನಿಕ್ ಮುಖ್ಯ ಸಮಸ್ಯೆಯಾಗಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಹೊಸದಾಗಿ ಕೂತ ತುಕ್ಕು, ಅಂದರೆ ಫೆರಿಹೈಡ್ರೈಟ್, ಒಂದು ಗ್ರಾಂಗೆ 200 ಚದರ ಮೀಟರಿಗೂ ಜಾಸ್ತಿ ಮೈ ಹೊಂದಿರುತ್ತದೆ. ಕಾಲ ಕಳೆದಂತೆ ಅದು ಗೋಯಥೈಟ್ ಅಥವಾ ಹೆಮಟೈಟ್ ಎಂಬ ಹರಳಾಗಿ ಗಟ್ಟಿಯಾಗುತ್ತದೆ. ಗೋಯಥೈಟಿನ ಮೈ ಸಾಮಾನ್ಯವಾಗಿ ಗ್ರಾಂಗೆ 100 ಚದರ ಮೀಟರಿಗಿಂತ ಕಡಿಮೆ. ಅಂದರೆ ಕಾಲ ಕಳೆದಷ್ಟೂ ಹಿಡಿಯುವ ಜಾಗ ಕುಗ್ಗುತ್ತದೆ. ಆಗ ಸ್ವಲ್ಪ ಲೋಹ ಹೊರಗೆ ಬೀಳುತ್ತದೆ, ಸ್ವಲ್ಪ ಹೊಸ ಹರಳಿನ ಒಳಗೆ ಸಿಕ್ಕಿಹಾಕಿಕೊಂಡು ಇನ್ನಷ್ಟು ಭದ್ರವಾಗುತ್ತದೆ. ಹೀಗಾಗಿ ಬೇಗ ಮತ್ತು ಜಾಸ್ತಿ ಹಿಡಿಯಬೇಕಾದರೆ ಫೆರಿಹೈಡ್ರೈಟ್ ಒಳ್ಳೆಯದು. ವರ್ಷಗಟ್ಟಲೆ ಮಣ್ಣಿನಲ್ಲಿ ಬಿಡುವುದಾದರೆ ಗೋಯಥೈಟ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಆರ್ಸೆನಿಕ್‌ಗೆ ಎರಡು ಮುಖ. ಗಾಳಿಯಾಡುವ ನೀರಿನಲ್ಲಿ ಅದು ಆರ್ಸೆನೇಟ್, ಋಣ ಚಾರ್ಜ್ ಇರುತ್ತದೆ, ಸುಲಭವಾಗಿ ಸಿಗುತ್ತದೆ. ಆಳದ ನೀರಿನಲ್ಲಿ ಆರ್ಸೆನೈಟ್, ಪಿಎಚ್ 9ರವರೆಗೂ ಚಾರ್ಜೇ ಇಲ್ಲ. ಕಬ್ಬಿಣ ಅದನ್ನೂ ಹಿಡಿಯುತ್ತದೆ, ಆದರೆ ಹಿಡಿತ ಸಡಿಲ. ಆರಿಸುವ ಮೊದಲು ನಿಮ್ಮ ನೀರಿನಲ್ಲಿ ಯಾವುದಿದೆ ಎಂದು ಪರೀಕ್ಷೆ ಮಾಡಿಸಿ. ಒಟ್ಟು ಆರ್ಸೆನಿಕ್ ಎಷ್ಟು ಎಂಬ ಒಂದೇ ಅಂಕಿ ಸಾಲದು.

ಈಗ ಇದರ ದೊಡ್ಡ ದೌರ್ಬಲ್ಯ. ನೀರಿನಲ್ಲಿ ಆಮ್ಲಜನಕ ಮುಗಿದರೆ ಕೆಲವು ಬ್ಯಾಕ್ಟೀರಿಯಾಗಳು, ಉದಾಹರಣೆಗೆ ಜಿಯೋಬ್ಯಾಕ್ಟರ್, ಉಸಿರಾಡಲು ಆಮ್ಲಜನಕದ ಬದಲು ತುಕ್ಕನ್ನೇ ಬಳಸುತ್ತವೆ. ತುಕ್ಕು ಕರಗುವ ಕಬ್ಬಿಣವಾಗುತ್ತದೆ. ಲೇಪ ಹೋಯಿತು, ಅದರ ಮೇಲೆ ಕೂತ ಆರ್ಸೆನಿಕ್ ನೀರಿಗೆ ಬಿತ್ತು. ಬಂಗಾಳದ ಮುಖಜಭೂಮಿಯಲ್ಲಿ ಆದದ್ದು ಇದೇ. ಹಿಮಾಲಯದಿಂದ ನದಿಗಳು ತಂದ ಮರಳಿನ ಕಾಳುಗಳ ಮೇಲೆ ತುಕ್ಕಿನ ಲೇಪ ಇತ್ತು, ಲೇಪದಲ್ಲಿ ಸ್ವಲ್ಪ ಸ್ವಲ್ಪ ಆರ್ಸೆನಿಕ್ ಇತ್ತು. ಕೊಳೆತ ಗಿಡಮರಗಳ ಜೊತೆ ಅದು ಹೂತುಹೋಯಿತು, ಒಳಗೆ ಆಮ್ಲಜನಕ ಮುಗಿಯಿತು. ಕೆರೆ ನೀರು ಕುಡಿದು ಬರುವ ಭೇದಿ ತಪ್ಪಲಿ ಎಂದು 1970ರ ದಶಕದಿಂದ ಅಲ್ಲಿ ಲಕ್ಷಗಟ್ಟಲೆ ಕೊಳವೆಬಾವಿ ಹಾಕಿದರು. ನೀರು ತಿಳಿಯಾಗಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಪತ್ತೆಯಾದದ್ದು 1993ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಎಷ್ಟೋ ಬಾವಿಗಳಲ್ಲಿ ಅದರ ಹತ್ತಾರು ಪಟ್ಟು ಇತ್ತು. ಆ ಮಣ್ಣಿನಲ್ಲಿ ಆರ್ಸೆನಿಕ್ ಅಸಾಧಾರಣವಾಗಿ ಜಾಸ್ತಿ ಏನೂ ಇರಲಿಲ್ಲ. ಹಿಡಿದಿದ್ದ ಲೇಪ ಕೈಬಿಟ್ಟದ್ದೇ ಇಷ್ಟಕ್ಕೆಲ್ಲ ಕಾರಣ. ಇದನ್ನು ಎಷ್ಟು ಸಲ ಓದಿದರೂ ನನಗೆ ಮನಸ್ಸು ಭಾರವಾಗುತ್ತದೆ.

ಇದೇ ಸಂಗತಿಯ ಪುಟ್ಟ ರೂಪವನ್ನು ನಾನೂ ಕಂಡಿದ್ದೇನೆ. ತುಕ್ಕು ಲೇಪಿಸಿದ ಮರಳು ತುಂಬಿದ ಒಂದು ಕೊಳವೆಯನ್ನು ವಾರಗಟ್ಟಲೆ ಓಡಿಸುತ್ತಿದ್ದೆ. ಹೊರಬರುವ ನೀರು ದಿನವೂ ಚೆನ್ನಾಗಿತ್ತು. ಒಮ್ಮೆ ಪಂಪ್ ಕೆಟ್ಟು ಕೆಲವು ದಿನ ನೀರು ಒಳಗೇ ನಿಂತಿತು. ಸರಿಪಡಿಸಿ ಮತ್ತೆ ಚಾಲೂ ಮಾಡಿದಾಗ ಮೊದಲು ಬಂದ ನೀರಿಗೆ ತುಸು ಹಳದಿ ಛಾಯೆ. ಪರೀಕ್ಷಿಸಿದರೆ, ಒಳಗೆ ಬಿಡುತ್ತಿದ್ದ ನೀರಿಗಿಂತ ಹೊರಬಂದ ನೀರಿನಲ್ಲೇ ಆರ್ಸೆನಿಕ್ ಜಾಸ್ತಿ! ಅದುವರೆಗೆ ನಾನು ಓಡುವ ನೀರನ್ನು ಮಾತ್ರ ಅಳೆಯುತ್ತಿದ್ದೆ. ನಿಂತ ನೀರನ್ನು ಅಳೆಯಬೇಕು ಎಂದು ಆ ದಿನದಿಂದ ಬರೆದಿಟ್ಟುಕೊಂಡೆ.

ಒಂದು ದಾರಿ ಇದೆ. ಲೇಪ ಹಚ್ಚಿದ ಮರಳಿನ ಬದಲು ಲೋಹರೂಪದ ಕಬ್ಬಿಣದ ಚೂರನ್ನೇ ಬಳಸುವುದು. ಅದು ತುಕ್ಕು ಹಿಡಿಯುತ್ತಲೇ ಇರುತ್ತದೆ, ಹೊಸ ಲೇಪ ಹುಟ್ಟುತ್ತಲೇ ಇರುತ್ತದೆ, ಹಳೆಯದರ ಮೇಲೆ ಹೊಸದು ಕೂತು ಆರ್ಸೆನಿಕ್ ಒಳಗೆ ಹೂತುಹೋಗುತ್ತದೆ. ಅಬುಲ್ ಹುಸಾಂ ಬಾಂಗ್ಲಾದೇಶಕ್ಕಾಗಿ ರೂಪಿಸಿದ ಸೋನೋ ಫಿಲ್ಟರಿನ ಜೀವಾಳ ಕಬ್ಬಿಣದ ಇಂಥ ಒಂದು ಪದರವೇ. ಅದಕ್ಕೆ 2007ರಲ್ಲಿ ಗ್ರೇಂಜರ್ ಚಾಲೆಂಜ್ ಬಹುಮಾನ ಬಂತು. ಕ್ರೋಮಿಯಂಗೂ ಮುಖ್ಯವಾಗಿ ಎರಡು ರೂಪ: ವಿಷಕಾರಿ ಕ್ರೋಮಿಯಂ ಆರು, ಹೆಚ್ಚು ಕರಗದ ಕ್ರೋಮಿಯಂ ಮೂರು (ಅಂಕಿ ಅಂದರೆ ಅದು ಕಳೆದುಕೊಂಡ ಎಲೆಕ್ಟ್ರಾನ್‌ಗಳ ಲೆಕ್ಕ). ಆರು ಇದ್ದರೂ ಲೋಹದ ಕಬ್ಬಿಣವೇ ಸರಿ. ವಿಷಕಾರಿ ಆರನ್ನು ಅದು ಮೂರಕ್ಕೆ ಇಳಿಸಿ ಲೇಪದಲ್ಲಿ ಕೂರಿಸುತ್ತದೆ. 1996ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಎಲಿಜಬೆತ್ ಸಿಟಿಯಲ್ಲಿ ನೆಲದೊಳಗೆ 46 ಮೀಟರ್ ಉದ್ದದ ಕಬ್ಬಿಣದ ಗೋಡೆ ಹಾಕಿದ್ದು ಇದಕ್ಕಾಗಿಯೇ. ಅಂತರ್ಜಲ ಅದರ ಮೂಲಕ ಹಾದುಹೋಗುವಾಗ ಕ್ರೋಮಿಯಂ ಒಳಗೇ ಉಳಿಯುತ್ತದೆ.

ಮ್ಯಾಂಗನೀಸ್ ಲೇಪ

ಸೀಸ, ಕ್ಯಾಡ್ಮಿಯಂ, ಕೋಬಾಲ್ಟ್, ರೇಡಿಯಂ. ಈ ಪಟ್ಟಿಯಲ್ಲಿ ನಿಮ್ಮ ಸಮಸ್ಯೆ ಇದ್ದರೆ ಕಪ್ಪು ಲೇಪವೇ ಮುಂದೆ. ಮರುಭೂಮಿಯ ಬಂಡೆಗಳ ಮೇಲಿನ ಹೊಳೆಯುವ ಕಪ್ಪು ಪರೆಯಲ್ಲೂ ಮ್ಯಾಂಗನೀಸ್ ತುಂಬಿರುತ್ತದೆ. ಸಾವಿರ ವರ್ಷಕ್ಕೆ ಕೆಲವೇ ಮೈಕ್ರಾನ್ ಬೆಳೆಯುವ ಆ ಪರೆಯ ತೀರಾ ಹೊರಪದರದಲ್ಲಿ ಸೀಸ ಥಟ್ಟನೆ ಏರಿರುವುದು ಕಂಡಿದೆ. ಇಪ್ಪತ್ತನೇ ಶತಮಾನದ ಹೊಗೆಯಲ್ಲಿದ್ದ ಸೀಸ ಅದು. ಯಾರೂ ಕೇಳದೆ ಬಂಡೆ ಅದನ್ನು ಬರೆದಿಟ್ಟುಕೊಂಡಿದೆ.

ಇದಕ್ಕೆ ಇನ್ನೊಂದು ಗುಣ ಇದೆ, ಅದು ವರವೂ ಹೌದು, ಅಪಾಯವೂ ಹೌದು. ಮುಟ್ಟಿದ್ದನ್ನು ಇದು ಉತ್ಕರ್ಷಿಸುತ್ತದೆ, ಅಂದರೆ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಹಿಡಿಯಲು ಕಷ್ಟವಾದ ಆರ್ಸೆನೈಟ್ ಇದರ ಮೇಲೆ ಆರ್ಸೆನೇಟ್ ಆಗುತ್ತದೆ. ನೀರು ಇದನ್ನು ದಾಟಿದ ಮೇಲೆ ಸಿಗುವಂತೆ ಕಬ್ಬಿಣದ ಲೇಪ ಇಟ್ಟರೆ ಎರಡೂ ಸೇರಿ ಚೆನ್ನಾಗಿ ಕೆಲಸ ಮಾಡುತ್ತವೆ. ಆರ್ಸೆನೈಟ್ ಇರುವ ನೀರಿಗೆ ನನಗೆ ತುಂಬಾ ಇಷ್ಟವಾದ ಜೋಡಿ ಇದು. ಆದರೆ ಕ್ರೋಮಿಯಂ ಮೂರು ಇರುವ ಕಡೆ ಮ್ಯಾಂಗನೀಸ್ ಬೇಡವೇ ಬೇಡ. ಹೆಚ್ಚು ಕರಗದೆ ಸುಮ್ನೆ ಕೂತಿದ್ದ ಕ್ರೋಮಿಯಂ ಮೂರನ್ನು ಅದು ವಿಷಕಾರಿ ಆರಾಗಿ ಮಾಡಿ ನೀರಿಗೆ ಬಿಡುತ್ತದೆ. ಚರ್ಮ ಹದ ಮಾಡುವ ಕಾರ್ಖಾನೆಯ ಕಸ ಬಿದ್ದ ಮಣ್ಣಿನಲ್ಲಿ ಈ ತಪ್ಪು ಮಾಡಬಾರದು.

ಆಮ್ಲಜನಕ ಮುಗಿದಾಗ ಮ್ಯಾಂಗನೀಸ್ ಕಬ್ಬಿಣಕ್ಕಿಂತ ಮೊದಲೇ ಕರಗುತ್ತದೆ. ಹಿಡಿದ ಲೋಹದ ಜೊತೆ ತಾನೂ ನೀರಿಗಿಳಿಯುತ್ತದೆ. ಮ್ಯಾಂಗನೀಸೂ ಜಾಸ್ತಿಯಾದರೆ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅದಕ್ಕೆ ಲೀಟರಿಗೆ 80 ಮೈಕ್ರೋಗ್ರಾಂ ಎಂಬ ತಾತ್ಕಾಲಿಕ ಮಿತಿ ಇಟ್ಟಿತು. ಗ್ರೀನ್‌ಸ್ಯಾಂಡ್ ಎಂಬ ಮ್ಯಾಂಗನೀಸ್ ಲೇಪಿತ ಮರಳನ್ನು ಬಳಸುವವರು ಪೊಟ್ಯಾಸಿಯಂ ಪರ್ಮಾಂಗನೇಟ್ ಅಥವಾ ಕ್ಲೋರಿನ್ ಕೊಟ್ಟು ಲೇಪವನ್ನು ಆಗಾಗ ಚೇತರಿಸಬೇಕು. ಆ ಶಿಸ್ತು ಇಲ್ಲದ ಕಡೆ ಇದನ್ನು ನಾನು ಸೂಚಿಸುವುದಿಲ್ಲ.

ಅಲ್ಯುಮಿನಾ, ಸುಣ್ಣ

ಅಲ್ಯುಮಿನಾದ ದೊಡ್ಡ ಗುಣ ಏನೆಂದರೆ ಆಮ್ಲಜನಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬ್ಯಾಕ್ಟೀರಿಯಾ ಅದನ್ನು ಉಸಿರಾಡಲಾರವು. ನೀರು ನಿಲ್ಲುವ, ಕೊಳೆಯುವ ಜಾಗಕ್ಕೆ ಇದು ಕಬ್ಬಿಣಕ್ಕಿಂತ ಮೇಲು. ಆದರೆ ಆರ್ಸೆನೈಟನ್ನು ಸರಿಯಾಗಿ ಹಿಡಿಯುವುದಿಲ್ಲ. ಆರ್ಸೆನೇಟಿಗೂ ಪಿಎಚ್ 5.5ರಿಂದ 6ರ ಹತ್ತಿರ ಇದ್ದಾಗಲೇ ಚೆನ್ನಾಗಿ ಕೆಲಸ ಮಾಡುವುದು. ನೀರು 8ಕ್ಕೆ ಹೋದರೆ ಹಿಡಿತ ಬಹಳ ಕುಸಿಯುತ್ತದೆ. ಫ್ಲೋರೈಡ್ ಕೂಡ ಇದ್ದರೆ ಇದು ಎರಡನ್ನೂ ಹಿಡಿಯುತ್ತದೆ ಎಂಬುದು ಅನುಕೂಲ. ಹಾಗೆಂದು ಎರಡನ್ನೂ ಒಂದೇ ಸಮ ಹಿಡಿಯುತ್ತದೆ ಎಂದುಕೊಳ್ಳಬೇಡಿ, ಜಾಗಕ್ಕೆ ಜಗಳ ಇದ್ದೇ ಇರುತ್ತದೆ.

ಸುಣ್ಣಕಲ್ಲಿನ ಲೇಪ ಕ್ಯಾಡ್ಮಿಯಂಗೆ ಸರಿ, ಯಾಕೆಂದರೆ ಕ್ಯಾಡ್ಮಿಯಂ ಅಯಾನಿನ ಗಾತ್ರ ಹೆಚ್ಚುಕಡಿಮೆ ಕ್ಯಾಲ್ಸಿಯಂನಷ್ಟೇ. ಹರಳಿನಲ್ಲಿ ಅದರ ಜಾಗದಲ್ಲಿ ಕೂರುತ್ತದೆ. ಆಮ್ಲ ತಾಗಿದರೆ ಎಲ್ಲವೂ ಕರಗುತ್ತದೆ. ಹುಳಿ ಮಣ್ಣಿಗೆ ಒಮ್ಮೆ ಹಾಕಿ ಮರೆತುಬಿಡುವ ವಸ್ತು ಇದಲ್ಲ.

ಗಾಳಿ ಬೇಡದ ಲೇಪ

ಕೆಸರಿನ ತಳದಲ್ಲಿ, ಗಾಳಿ ಇಲ್ಲದ ಕಡೆ, ಕಬ್ಬಿಣದ ಸಲ್ಫೈಡಿನ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ವಸ್ತುವಿನ, ಕಪ್ಪು ಲೇಪ ಇರುತ್ತದೆ. ಪಾದರಸ, ಕ್ಯಾಡ್ಮಿಯಂ, ಸತು ಇವನ್ನೆಲ್ಲ ಅದು ಬಿಗಿಯಾಗಿ ಹಿಡಿಯುತ್ತದೆ. ತುಕ್ಕಿಗೆ ಗಾಳಿ ಬೇಕು, ಇದಕ್ಕೆ ಗಾಳಿ ಬೇಡ. ಕೆಸರನ್ನು ಎತ್ತಿ ದಂಡೆಯ ಮೇಲೆ ಒಣಗಲು ಹಾಕಿದರೆ ಸಲ್ಫೈಡ್ ಆಮ್ಲವಾಗುತ್ತದೆ, ಹಿಡಿದ ಲೋಹವೆಲ್ಲ ಹೊರಗೆ. ಶುದ್ಧ ಮಾಡಲು ಹೊರಟ ಹೂಳೆತ್ತುವ ಕೆಲಸವೇ ವಿಷ ಹರಡುವುದು ಹೀಗೆ.

ಭತ್ತದ ಗದ್ದೆಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ನೀರು ನಿಂತಾಗ ತುಕ್ಕು ಕರಗಿ ಆರ್ಸೆನಿಕ್ ಮೇಲೆ ಬರುತ್ತದೆ, ಕ್ಯಾಡ್ಮಿಯಂ ಸಲ್ಫೈಡಿನಲ್ಲಿ ಅಡಗುತ್ತದೆ. ನೀರು ಬಸಿದರೆ ಆರ್ಸೆನಿಕ್ ಅಡಗಿ ಕ್ಯಾಡ್ಮಿಯಂ ಎದ್ದುಬರುತ್ತದೆ. ಎರಡೂ ಇರುವ ಮಣ್ಣಿನಲ್ಲಿ ಒಂದಕ್ಕೆ ಒಳ್ಳೆಯದಾದ ನೀರಿನ ಕ್ರಮ ಇನ್ನೊಂದಕ್ಕೆ ಕೆಟ್ಟದ್ದೇ.

ಸೀಸದ ಪೈಪಿನ ಒಳಗಿನ ಹಕ್ಕಳೆ

ಇಲ್ಲಿ ಲೇಪ ನಾವು ತಂದು ಹಾಕುವುದಲ್ಲ, ನೀರು ತಾನೇ ಪೈಪಿನಲ್ಲಿ ಬೆಳೆಸುವುದು. ನೀರಿನ ಗುಣ ನೋಡಿ ಅದು ಸೀಸದ ಕಾರ್ಬೊನೇಟ್ ಆಗಬಹುದು, ಸೀಸದ ಡೈಆಕ್ಸೈಡ್ ಆಗಬಹುದು, ಫಾಸ್ಫೇಟ್ ಬೆರೆಸಿದರೆ ಸೀಸದ ಫಾಸ್ಫೇಟ್ ಆಗಬಹುದು. ವಾಷಿಂಗ್ಟನ್ ಡಿ.ಸಿ.ಯಲ್ಲಿ ವರ್ಷಗಟ್ಟಲೆ ಕ್ಲೋರಿನ್ ಬಳಸಿದ್ದರಿಂದ ಡೈಆಕ್ಸೈಡ್ ಲೇಪ ಕೂತಿತ್ತು. 2000ದಲ್ಲಿ ಕ್ಲೋರಿನ್ ಬಿಟ್ಟು ಅದಕ್ಕಿಂತ ಸೌಮ್ಯವಾದ ಕ್ಲೋರಮೈನ್‌ಗೆ ಹೋದರು. ಉತ್ಕರ್ಷಿಸುವ ಶಕ್ತಿ ತಗ್ಗಿತು, ಲೇಪ ಕರಗಿತು, ನಲ್ಲಿಗಳಲ್ಲಿ ಸೀಸ ಏರಿತು. 2004ರಲ್ಲಿ ಫಾಸ್ಫೇಟ್ ಬೆರೆಸಲು ಶುರು ಮಾಡಿದ ಮೇಲೆ ಇಳಿಯಿತು. ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಇದಕ್ಕೆ ವಿರುದ್ಧ: ಏಪ್ರಿಲ್ 2014ರಲ್ಲಿ ನೀರಿನ ಮೂಲ ಬದಲಿಸಿದಾಗ ಮೊದಲಿದ್ದ ಫಾಸ್ಫೇಟನ್ನೇ ಕೊಡಲಿಲ್ಲ. ಹಳೆಯ ಹಕ್ಕಳೆ ಉದುರಿತು. ಅಕ್ಟೋಬರ್ 2015ರಲ್ಲಿ ಹಳೆಯ ಮೂಲಕ್ಕೆ ಮರಳಿದರೂ ಲೇಪ ಮತ್ತೆ ಕೂರಲು ತಿಂಗಳುಗಳೇ ಬೇಕಾದವು.

ಹಾಗಾಗಿ ಪೈಪಿನ ವಿಷಯದಲ್ಲಿ ನನ್ನ ಆಯ್ಕೆ ಸ್ಪಷ್ಟ. ಸೀಸದ ಪೈಪ್ ಕಿತ್ತು ಹಾಕುವುದೇ ಮೊದಲ ಆಯ್ಕೆ. ಅಲ್ಲಿಯವರೆಗೆ ಫಾಸ್ಫೇಟ್ ಲೇಪ, ಮತ್ತು ಅದನ್ನು ಒಂದು ದಿನವೂ ನಿಲ್ಲಿಸದ ಹೊಣೆ. ಒಂದು ತೊಡಕು ಇದೆ. ಅದೇ ಪೈಪುಗಳಲ್ಲಿ ಹಳೆಯ ಕಬ್ಬಿಣದ ಹಕ್ಕಳೆ ಆರ್ಸೆನಿಕ್ ಹಿಡಿದಿದ್ದರೆ, ಹೊಸದಾಗಿ ಬಂದ ಫಾಸ್ಫೇಟ್ ಅದನ್ನು ಎಬ್ಬಿಸಬಹುದು. ಫಾಸ್ಫೇಟ್ ಶುರು ಮಾಡಿದ ಮೊದಲ ವಾರಗಳಲ್ಲಿ ಸೀಸ, ಆರ್ಸೆನಿಕ್ ಎರಡನ್ನೂ ಅಳೆಯಿರಿ.

ಹಾಗಾದರೆ ಯಾವುದು

ಗಾಳಿಯಾಡುವ ನೀರು, ಆರ್ಸೆನೇಟ್, ಫಾಸ್ಫೇಟ್ ಕಡಿಮೆ: ಕಬ್ಬಿಣದ ಲೇಪ, ಯೋಚನೆಯೇ ಬೇಡ. ಆರ್ಸೆನೈಟ್ ಇದ್ದರೆ ನೀರಿಗೆ ಮೊದಲು ಮ್ಯಾಂಗನೀಸ್, ಆಮೇಲೆ ಕಬ್ಬಿಣ. ಸೀಸ, ಕ್ಯಾಡ್ಮಿಯಂ, ರೇಡಿಯಂ ಆದರೆ ಮ್ಯಾಂಗನೀಸ್, ನೋಡಿಕೊಳ್ಳುವ ಜನ ಇದ್ದರೆ ಮಾತ್ರ. ಆಮ್ಲಜನಕ ಬಂದು ಹೋಗುವ ಜಾಗಕ್ಕೆ ಅಲ್ಯುಮಿನಾ, ಪಿಎಚ್ ಕಾಯಲು ಆಗುವುದಾದರೆ. ಕ್ರೋಮಿಯಂಗೆ ಲೋಹದ ಕಬ್ಬಿಣ. ಪಾದರಸಕ್ಕೆ ಸಲ್ಫೈಡ್, ಅದೂ ಎಂದೂ ಒಣಗದ ಕಡೆ.

ತುಂಬಿದ ಮೇಲೆ ಅದನ್ನು ಎಲ್ಲಿ ಹಾಕುತ್ತೀರಿ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿ. ಅಮೆರಿಕದಲ್ಲಿ ಕಸ ಅಪಾಯಕಾರಿಯೇ ಎಂದು ನೋಡಲು ಟಿಸಿಎಲ್‌ಪಿ ಎಂಬ ಪರೀಕ್ಷೆ ಮಾಡುತ್ತಾರೆ. ಹುಳಿ ದ್ರವದಲ್ಲಿ ಸುಮಾರು 18 ಗಂಟೆ ಉರುಳಿಸಿ ಎಷ್ಟು ಲೋಹ ಬಿಡುತ್ತದೆ ಎಂದು ಅಳೆಯುತ್ತಾರೆ. ಆರ್ಸೆನಿಕ್ ತುಂಬಿದ ತುಕ್ಕು ಈ ಪರೀಕ್ಷೆಯನ್ನು ಸುಲಭವಾಗಿ ದಾಟಬಹುದು, ಯಾಕೆಂದರೆ ಹುಳಿ ನೀರಿನಲ್ಲಿ ಅದರ ಹಿಡಿತ ಚೆನ್ನಾಗಿಯೇ ಇರುತ್ತದೆ. ಕಸದ ಗುಂಡಿಯಲ್ಲಿ ಇರುವುದು ಬೇರೆಯೇ ಲೋಕ. ಅಲ್ಲಿ ಗಾಳಿ ಇಲ್ಲ, ಬ್ಯಾಕ್ಟೀರಿಯಾ ಇವೆ, ವರ್ಷಗಟ್ಟಲೆ ಸಮಯ ಇದೆ. ಅದಕ್ಕೇ ಕಬ್ಬಿಣದ ಹಳೆಯ ಲೇಪವನ್ನು ಕೊಳೆಯುವ ಕಸದ ಜೊತೆ ಬೆರೆಸಬೇಡಿ. ಸಿಮೆಂಟಿನಲ್ಲಿ ಕಟ್ಟಿಡುವುದಾದರೂ ಮೊದಲು ಪರೀಕ್ಷೆ ಮಾಡಿ, ಅಷ್ಟು ಕ್ಷಾರದಲ್ಲಿ ತುಕ್ಕಿನ ಹಿಡಿತ ಸಡಿಲವಾಗುತ್ತದೆ.

ಆರಿಸಿದ ವಸ್ತುವನ್ನು ದೊಡ್ಡ ತೊಟ್ಟಿಗೆ ತುಂಬುವ ಮೊದಲು ಒಂದು ಚಿಕ್ಕ ಕೊಳವೆಗೆ ತುಂಬಿ. ನಿಮ್ಮದೇ ನೀರು ಬಿಡಿ, ಲ್ಯಾಬಿನ ಶುದ್ಧ ನೀರಲ್ಲ. ಕೆಲವು ವಾರ ಓಡಿಸಿ. ಆಮೇಲೆ ಬೇಕೆಂದೇ ನಿಲ್ಲಿಸಿ, ಮುಚ್ಚಿ, ಒಂದು ವಾರ ಹಾಗೇ ಬಿಡಿ. ಮತ್ತೆ ತೆರೆದಾಗ ಬರುವ ಮೊದಲ ಲೋಟದ ನೀರನ್ನು ಚೆಲ್ಲದೆ ಪರೀಕ್ಷೆಗೆ ಕಳಿಸಿ.